ತಕ್ಕಡಿ ಅಕ್ಕ ಕೂತ ದಿನ

ಈ ಎರಡು ವರ್ಷಗಳಲ್ಲಿ ತಕ್ಕಡಿ ಅಕ್ಕ ಕುರ್ಚಿಯಲ್ಲಿ ಕೂತಿದ್ದನ್ನು ಕಣ್ಣಾರೆ ಕಂಡವರು ಒಬ್ಬರೇ, ಹಲ್ಲಿನ ಡಾಕ್ಟರು. ಅಲ್ಲೂ ಬಾಯಿ ತೆರೆದುಕೊಂಡೇ ಎರಡು ಸಲ ಎದ್ದು ನಿಂತಿದ್ದಳಂತೆ. ಚಹಾ ಕುಡಿಯುವುದು ಕಿಟಕಿಯ ಬಳಿ ನಿಂತು. ಊಟ ಅಡುಗೆಕಟ್ಟೆಗೆ ಒರಗಿಕೊಂಡು. ಫೋನ್ ಬಂದರೆ ಮುಂಬಾಗಿಲಿನಿಂದ ಹಿಂಬಾಗಿಲಿಗೆ, ಹಿಂಬಾಗಿಲಿನಿಂದ ಮುಂಬಾಗಿಲಿಗೆ ಓಡಾಡುತ್ತಲೇ ಮಾತು. ಬಸ್ಸಿನಲ್ಲಿ ಯಾರಾದರೂ ವಯಸ್ಸಾದವಳೆಂದು ಸೀಟು ಬಿಟ್ಟುಕೊಟ್ಟರೆ ಅಲ್ಲಿ ತನ್ನ ಚೀಲವನ್ನು ಕೂರಿಸಿ ತಾನು ಕಂಬಿ ಹಿಡಿದು ನಿಲ್ಲುತ್ತಾಳೆ.

“ನಿನ್ನ ಕಾಲಿಗೆ ಯಾರೇ ಚಕ್ರ ಕಟ್ಟಿದ್ದು?” ಎಂದು ಗಂಡ ಕೇಳುತ್ತಾನೆ. ಅವನು ನಿವೃತ್ತ ಬಸ್ ಕಂಡಕ್ಟರು. ಮೂವತ್ತು ವರ್ಷ ನಿಂತೇ ದುಡಿದವನು, ಈಗ ಸೋಫಾದಿಂದ ಏಳಬೇಕಾದರೆ ತಕ್ಕ ಕಾರಣ ಕೇಳುತ್ತಾನೆ.

“ಕೂತ್ರೆ ನಿಮ್ಮ ಥರಾನೇ ಆಗ್ಬಿಡ್ತೀನಿ” ಎಂದು ಉತ್ತರ ಕೊಟ್ಟು ಅವಳು ಚಪ್ಪಲಿ ಮೆಟ್ಟುತ್ತಾಳೆ. ಉತ್ತರ ಚುರುಕಾಗಿದೆ, ಆದರೆ ನಿಜವಲ್ಲ. ಕೂತರೆ ಏನಾಗುತ್ತದೆ ಎಂದು ಅವಳಿಗೆ ಚೆನ್ನಾಗಿ ಗೊತ್ತು. ಕೂತ ತಕ್ಷಣ ಕಿವಿಯೊಳಗೆ ಮೂರು ಸಲ ಸದ್ದಾಗುತ್ತದೆ. ಟಕ್, ಟಕ್, ಟಕ್. ಎದ್ದು ನಾಲ್ಕು ಹೆಜ್ಜೆ ಹಾಕಿದರೆ ನಿಲ್ಲುತ್ತದೆ.

ಅವಳ ಕೆಲಸ ಮನೆಮನೆಗೆ ಹೋಗಿ ಗಿನಿಪಿಗ್ ತೂಗುವುದು. ನಗಬೇಡಿ, ಅದೂ ಒಂದು ಕೆಲಸವೇ. ಹೆಗಲಿನ ಚೀಲದಲ್ಲಿ ಅಂಗೈಯಗಲದ ಬ್ಯಾಟರಿ ತಕ್ಕಡಿ, ಅದರ ಮೇಲಿಡಲು ಒಂದು ಪ್ಲಾಸ್ಟಿಕ್ ಬುಟ್ಟಿ, ಹಳೆಯ ಟವಲು, ಉಗುರು ಕತ್ತರಿಸುವ ಕತ್ತರಿ. ಇಷ್ಟೇ ಬಂಡವಾಳ. ಗಿನಿಪಿಗ್ ಎಂದರೆ ಗೊತ್ತಲ್ಲ, ಹೆಸರಿನಲ್ಲಿ ಹಂದಿ, ನೋಡಿದರೆ ಬಾಲವನ್ನು ಎಲ್ಲೋ ಮರೆತು ಬಂದ ದಪ್ಪ ಇಲಿ. ನಾಯಿ ಸಾಕುವಂತಿಲ್ಲ ಎಂದು ಬೋರ್ಡು ಹಾಕಿದ ಅಪಾರ್ಟ್‌ಮೆಂಟುಗಳಲ್ಲಿ ಈಗ ಅದರದೇ ಕಾರುಬಾರು. ಬೊಗಳುವುದಿಲ್ಲ, ಪರಚುವುದಿಲ್ಲ, ಬೆಳಿಗ್ಗೆ ಎದ್ದು ವಾಕಿಂಗಿಗೆ ಕರೆದುಕೊಂಡು ಹೋಗೆಂದು ಪ್ರಾಣ ತಿನ್ನುವುದಿಲ್ಲ. ಮಧ್ಯಾಹ್ನ ಫೋನಿನಲ್ಲಿ ವಿಡಿಯೋ ನೋಡಿ ಸಂಜೆಯೊಳಗೆ ಕೊಂಡು ತರುವವರಿದ್ದಾರೆ. ಅಂಗಡಿಯವನೂ ಭೂಪ. ಚಪ್ಪಲಿ ಡಬ್ಬಿಗಿಂತ ಒಂದು ಗೇಣು ದೊಡ್ಡದಾದ ಪಂಜರದಲ್ಲಿ ಒಂದೇ ಒಂದನ್ನು ಕೂರಿಸಿ, ‘ಬಲು ಸಾಧು ಪ್ರಾಣಿ ಸಾರ್, ತೊಡೆ ಮೇಲಿಟ್ರೆ ಅಲ್ಲಾಡಲ್ಲ’ ಎಂದು ಹೇಳಿ ಕಳಿಸುತ್ತಾನೆ.

ಈ ಮಾತು ಕಿವಿಗೆ ಬಿದ್ದರೆ ತಕ್ಕಡಿ ಅಕ್ಕನ ಪಿತ್ತ ನೆತ್ತಿಗೇರುತ್ತದೆ.

“ಸಾಧು ಅಂತೆ ಸಾಧು! ಹೆದ್ರಿ ಕಲ್ಲಾಗಿದೆ ಅದು. ಹದ್ದು ಬಂದ್ರೂ ಹಾಗೇ ಕೂರುತ್ತೆ, ನೀವು ಬಂದ್ರೂ ಹಾಗೇ ಕೂರುತ್ತೆ. ಖುಷಿಯಾದ್ರೆ ನಿಂತಲ್ಲೇ ಎಗರಿ ಎಗರಿ ಬೀಳುತ್ತೆ. ಎಗರಿದ್ದು ನೋಡಿದ್ದೀರಾ ಯಾವತ್ತಾದ್ರೂ?”

ಮುಂದಿನ ವಾರ ಹೋದಾಗ ಪಂಜರ ದೊಡ್ಡದಾಗಿರುತ್ತದೆ, ಒಂದಿದ್ದದ್ದು ಎರಡಾಗಿರುತ್ತದೆ. ಅವಳು ಆಗಲೂ ಹೊಗಳುವುದಿಲ್ಲ. ಸುಮ್ಮನೆ ಬುಟ್ಟಿ ತೆಗೆದು ಎರಡನ್ನೂ ತೂಗುತ್ತಾಳೆ. ಕಾಯಿಲೆ ಬಿದ್ದದ್ದನ್ನು ತೋರಗೊಡದ ಜಾತಿ ಅದು. ಸೋತದ್ದು ಎಂದು ಕಂಡುಬಿಟ್ಟರೆ ಯಾವುದೋ ಬಾಯಿಗೆ ತುತ್ತಾಗುತ್ತೇನೆಂಬ ಭಯ ಅದರ ರಕ್ತದಲ್ಲೇ ಇದೆ. ಸಾಯುವ ಹಿಂದಿನ ದಿನವೂ ಹುಲ್ಲಿನ ಮುಂದೆ ಕೂತು ತಿನ್ನುವವರಂತೆ ನಟಿಸುತ್ತದೆ. ಮುಖ ನೋಡಿ ಮೋಸಹೋಗಬಹುದು, ತೂಕ ನೋಡಿ ಆಗುವುದಿಲ್ಲ.

ಇದನ್ನೆಲ್ಲ ಅವಳು ಕಲಿತದ್ದು ಔಷಧ ಪರೀಕ್ಷಿಸುವ ಒಂದು ಪ್ರಯೋಗಾಲಯದಲ್ಲಿ. ಇಪ್ಪತ್ತಾರು ವರ್ಷ ಅಲ್ಲಿನ ಪ್ರಾಣಿಗಳ ಕೋಣೆಯನ್ನು ನೋಡಿಕೊಂಡಳು. ಉದ್ದನೆಯ ಕೋಣೆ, ಎರಡೂ ಬದಿಗೆ ಕಬ್ಬಿಣದ ಅಟ್ಟಣಿಗೆ, ಅದರ ತುಂಬ ತೊಟ್ಟಿಗಳು, ಮರದ ಹೊಟ್ಟಿನ ಮೇಲೆ ಇನ್ನೂರು ಗಿನಿಪಿಗ್‌ಗಳು. ಹೆಸರಿಡುವಂತಿರಲಿಲ್ಲ, ಕಿವಿಗೆ ನಂಬರಿನ ಬಿಲ್ಲೆ ಮಾತ್ರ. ಬೆಳಿಗ್ಗೆ ಏಳಕ್ಕೆ ಬೀಗ ತೆಗೆದು, ಸ್ಟೀಲಿನ ಮಗ್ಗು ಹಿಡಿದು, ಆಹಾರದ ಡ್ರಮ್ಮಿನ ಅಂಚಿಗೆ ಮೂರು ಸಲ ಕುಟ್ಟುತ್ತಿದ್ದಳು. ಮೊದಲ ದಿನ ಮಗ್ಗಿಗೆ ಅಂಟಿದ ಪುಡಿ ಉದುರಿಸಲೆಂದು ಕುಟ್ಟಿದ್ದು, ಆಮೇಲೆ ಅದೇ ರೂಢಿಯಾಯಿತು. ಕುಟ್ಟಿದ್ದೇ ತಡ, ಇನ್ನೂರು ಗಂಟಲುಗಳಿಂದ ಕ್ವೀ ಕ್ವೀ ಎಂದು ಕೂಗು ಏಳುತ್ತಿತ್ತು. ಹೊಸದಾಗಿ ಬಂದವರು ಬೆಂಕಿಯ ಅಲಾರಾಂ ಎಂದುಕೊಂಡು ಹೊರಗೆ ಓಡಿದ್ದೂ ಉಂಟು.

ಅಲ್ಲಿನ ಪಶುವೈದ್ಯರು ವಯಸ್ಸಾದವರು, ಮಾತಿನ ಮಲ್ಲ. “ಇವು ಕಾಡಿನವಲ್ಲಮ್ಮ” ಎನ್ನುತ್ತಿದ್ದರು. “ಎಲ್ಲೋ ದೂರದ ಎತ್ತರದ ಬೆಟ್ಟಗಳ ಜನ ಸಾವಿರಾರು ವರ್ಷದ ಹಿಂದೆ ಇವನ್ನ ಮನೆಯೊಳಗೆ ತಂದ್ರು. ಒಲೆ ಪಕ್ಕದ ಬೆಚ್ಚನೆ ಮೂಲೇಲಿ ಬಿಟ್ರು. ಸೊಪ್ಪಿನ ಕಡ್ಡಿ, ತರಕಾರಿ ಸಿಪ್ಪೆ ತಿಂದ್ಕೊಂಡು ಬೆಳೆದ್ವು.”

“ಆಮೇಲೆ?”

“ಆಮೇಲೆ ಏನು, ಮನೆಯವರು ಇವನ್ನ ತಿಂದ್ರು.”

ಅವಳು ಆ ದಿನ ನಕ್ಕಿದ್ದಳು. ಇಂಥದಕ್ಕೂ ನಗು ಬರುತ್ತಿದ್ದ ಕಾಲ ಅದು.

ಪರೀಕ್ಷೆಗೆ ಬೇಕಾದ ಪ್ರಾಣಿಗಳ ನಂಬರುಗಳು ಹಿಂದಿನ ಸಂಜೆಯೇ ಒಂದು ಹಾಳೆಯಲ್ಲಿ ಬರುತ್ತಿದ್ದವು. ಅವು ಇದ್ದ ತೊಟ್ಟಿಗಳಿಗೆ ಆ ರಾತ್ರಿ ಆಹಾರವಿಲ್ಲ. ಬೆಳಿಗ್ಗೆ ಕೈಗವಸು ಹಾಕಿಕೊಂಡವರು ಬಂದರೆ ಪ್ರಾಣಿಗಳು ಮೂಲೆಯ ಗೂಡಿನೊಳಗೆ ನುಗ್ಗಿ ಗಲಿಬಿಲಿಯಾಗುತ್ತಿತ್ತು. ಹೊಸದಾಗಿ ಬಂದ ಮೇಲ್ವಿಚಾರಕ ಬುದ್ಧಿವಂತ. “ನೀವು ಮಗ್ಗು ಕುಟ್ಟಿ, ಅವೇ ಮುಂದೆ ಬರ್ತವೆ” ಎಂದ. ಅವಳು ಕುಟ್ಟಿದಳು. ಅವು ಬಂದವು. ಎಲ್ಲರಿಗೂ ಕೆಲಸ ಸಲೀಸಾಯಿತು. ಹನ್ನೊಂದು ವರ್ಷ ಹಾಗೇ ನಡೆಯಿತು. ಮುಂದಕ್ಕೆ ಓಡಿಬಂದದ್ದನ್ನು ಕೈಗವಸಿನ ಕೈ ಎತ್ತಿಕೊಂಡು ಹೋಗುತ್ತಿತ್ತು, ಹೋದದ್ದು ತಿರುಗಿ ಬರುತ್ತಿರಲಿಲ್ಲ, ಮಗ್ಗು ಖಾಲಿ ಇರುತ್ತಿತ್ತು. ಮರುದಿನ ಉಳಿದವಕ್ಕೆ ಮಗ್ಗು ತುಂಬಿರುತ್ತಿತ್ತು, ಆದ್ದರಿಂದ ಅವು ಮತ್ತೆ ನಂಬುತ್ತಿದ್ದವು. ಅವಳೂ ಯೋಚಿಸಲಿಲ್ಲ. ಸಂಬಳದ ಕೆಲಸದಲ್ಲಿ ಯೋಚನೆಗೆ ಬೇರೆ ಹೊತ್ತು ಎಲ್ಲಿರುತ್ತದೆ?

ಒಂದು ದಿನ ಹಾಳೆಯಲ್ಲಿ ನಂಬರು ಮೂವತ್ತು ಎಂದು ಬಂತು. ಮೂವತ್ತು, ಮೂವತ್ತೊಂದು ಎರಡೂ ಒಂದೇ ತೊಟ್ಟಿಯಲ್ಲಿದ್ದ ಅಕ್ಕತಂಗಿಯರು, ಕೆಂಚು ಬಣ್ಣದವು. ಅವಳು ಕುಟ್ಟಿದಳು. ಎರಡೂ ಓಡಿಬಂದು ಅಂಚಿಗೆ ಕಾಲು ಕೊಟ್ಟು ನಿಂತವು. ಕೈಗವಸು ಮೂವತ್ತನ್ನು ಎತ್ತಿಕೊಂಡು ಹೋಯಿತು. ಮೂವತ್ತೊಂದು ಅಲ್ಲೇ ನಿಂತು ಕೂಗುತ್ತಿತ್ತು. ಏನನ್ನಿಸಿತೋ, ಅವಳು ಮಗ್ಗನ್ನು ತಗ್ಗಿಸಿದಳು. ಅದು ತಲೆಯನ್ನು ಪೂರ್ತಿ ಒಳಗೆ ತೂರಿಸಿ, ಏನೂ ಇಲ್ಲದ ಮಗ್ಗಿನ ತಳವನ್ನು ನೆಕ್ಕತೊಡಗಿತು. ನೆಕ್ಕಿತು, ಮತ್ತೆ ನೆಕ್ಕಿತು. ಆ ಪುಟ್ಟ ನಾಲಿಗೆಯ ಸದ್ದು ಸ್ಟೀಲಿನೊಳಗಿಂದ ಅವಳ ಕೈಗೆ ತಾಗುತ್ತಿತ್ತು.

ಆ ಸಂಜೆ ಮನೆಗೆ ಬಂದು ಕುರ್ಚಿಯಲ್ಲಿ ಕೂತಳು. ಟಕ್, ಟಕ್, ಟಕ್ ಎಂದು ಕೇಳಿಸಿತು. ಎದ್ದುಬಿಟ್ಟಳು.

ಮರುದಿನ “ಇನ್ನು ಮಗ್ಗು ಕುಟ್ಟಲ್ಲ” ಎಂದಳು. ಮೇಲ್ವಿಚಾರಕ ಭುಜ ಹಾರಿಸಿದ. ಎರಡು ತಿಂಗಳಿಗೆ ಆ ವಿಭಾಗವನ್ನೇ ಮುಚ್ಚುವುದೆಂದು ಆದೇಶ ಬಂತು. ಉಳಿದಿದ್ದವು ಹದಿನಾಲ್ಕು. ಅವಳು ಪಶುವೈದ್ಯರ ಬೆನ್ನು ಬಿದ್ದಳು, ಅವರು ಕಚೇರಿಯ ಬೆನ್ನು ಬಿದ್ದರು. ಅಂತೂ ಇಂತೂ ಹದಿನಾಲ್ಕೂ ಅವಳ ಕೈಗೆ ಬಂದವು. ಮನೆಯಲ್ಲಿ ಇಡೋಣವೆಂದರೆ ಗಂಡನಿಗೆ ಹುಲ್ಲಿನ ದೂಳು ತಾಗಿದರೆ ಉಬ್ಬಸ. ಎರಡೆರಡರಂತೆ ಏಳು ಮನೆಗಳಿಗೆ ಹಂಚಿದಳು. ಗೊತ್ತಿದ್ದವರು, ಗೊತ್ತಿದ್ದವರಿಗೆ ಗೊತ್ತಿದ್ದವರು. ಹಂಚುವಾಗ ಎಲ್ಲರಿಗೂ ಒಂದು ಷರತ್ತು ಹಾಕಿದಳು. “ಇವುಗಳ ಎದುರಿಗೆ ಸ್ಟೀಲ್ ಪಾತ್ರೆ ಕುಟ್ಟೋ ಹಾಗಿಲ್ಲ.” ಯಾಕೆಂದು ಕೇಳಿದವರಿಗೆ “ಕುಟ್ಟಬೇಡಿ ಅಂದ್ರೆ ಕುಟ್ಟಬೇಡಿ” ಎಂಬುದೇ ಉತ್ತರ. ಆಮೇಲೆ ಅವುಗಳ ತೂಕ ನೋಡಲು ಹೊರಟವಳು ನಿಲ್ಲಲೇ ಇಲ್ಲ. ಏಳು ಮನೆಗಳು ಎಪ್ಪತ್ತಾದವು, ಹೆಸರು ತಕ್ಕಡಿ ಅಕ್ಕ ಎಂದಾಯಿತು.

ಇಷ್ಟು ಹಿನ್ನೆಲೆ ಸಾಕು. ಆ ದಿನ ಬೆಳಿಗ್ಗೆ ಹನ್ನೊಂದಕ್ಕೆ ಫೋನ್ ಬಂತು. ಮಾಡಿದವಳು ಒಬ್ಬ ನರ್ಸು, ಏಳು ಮನೆಗಳಲ್ಲಿ ಒಂದರ ಸೊಸೆ. ಮೂವತ್ತೊಂದು ಇದ್ದದ್ದು ಅವರ ಮನೆಯಲ್ಲೇ. ಅಲ್ಲಿ ಅದಕ್ಕೆ ಕೆಂಚಿ ಎಂದು ಹೆಸರು, ಅದರ ಜೊತೆಯದಕ್ಕೆ ಮಚ್ಚೆ.

“ಅಕ್ಕ, ಕೆಂಚಿ ತಪ್ಪಿಸ್ಕೊಂಡಿದೆ. ಅಡುಗೆಮನೆ ಕಪಾಟಿನ ಅಡಿಗೆ ಹೋಗ್ಬಿಟ್ಟಿದೆ. ನಾನು ಡ್ಯೂಟಿ ಮುಗಿಸಿ ಈಗಷ್ಟೇ ಬಂದೆ.”

“ಯಾವಾಗ ಹೋಗಿದ್ದು?”

“ನೆನ್ನೆ ಸಂಜೆ ಆರಕ್ಕಂತೆ. ಅತ್ತೆ ಈಗ ಹೇಳ್ತಿದಾರೆ.”

ಹದಿನೇಳು ಗಂಟೆ. ತಕ್ಕಡಿ ಅಕ್ಕ ಆಗಲೇ ಚೀಲ ಹೆಗಲಿಗೇರಿಸಿದ್ದಳು. ಗಿನಿಪಿಗ್‌ನ ಹೊಟ್ಟೆ ಖಾಲಿ ಬಿಡುವಂಥದ್ದಲ್ಲ. ಒಂದು ಹಗಲು ಒಂದು ಇರುಳು ತಿನ್ನದಿದ್ದರೆ ಕರುಳು ನಿಂತೇಹೋಗುತ್ತದೆ, ಆಮೇಲೆ ಬಾಯಿಗೆ ತುರುಕಿದರೂ ಇಳಿಯುವುದಿಲ್ಲ. ಅವಳು ಗಂಡನಿಗೂ ಹೇಳದೆ ಹೊರಟಳು. ಬಸ್ಸಿಗೆ ಕಾಯಲಾರದೆ ಆಟೋ ಹತ್ತಿದಳು, ಸಿಗ್ನಲ್ಲಿನಲ್ಲಿ ಆಟೋ ನಿಂತದ್ದನ್ನು ತಾಳಲಾರದೆ ಇಳಿದು ನಡೆದಳು. ಅಪಾರ್ಟ್‌ಮೆಂಟಿನ ಲಿಫ್ಟು ಕೆಟ್ಟಿತ್ತು. ಮೂರು ಮಹಡಿಗಳನ್ನು ಉಸಿರುಗಟ್ಟಿ ಹತ್ತಿದಳು.

ಬಾಗಿಲು ತೆಗೆದದ್ದು ನರ್ಸಿನ ಅತ್ತೆ. ಗಿನಿಪಿಗ್ ಬಂದ ದಿನದಿಂದಲೂ ‘ಈ ಇಲಿ’ ಎಂದೇ ಕರೆಯುತ್ತ, ಸೊಸೆ ಇಲ್ಲದಾಗ ಅದಕ್ಕೆ ಕೊತ್ತಂಬರಿ ಕಟ್ಟುಗಟ್ಟಲೆ ತಿನ್ನಿಸುತ್ತಿದ್ದ ಮುದುಕಿ. ಈಗ ಕಣ್ಣು ಕೆಂಪಾಗಿತ್ತು.

“ನಂದೇ ತಪ್ಪು ಕಣಮ್ಮ. ರಾತ್ರಿಯೆಲ್ಲ ಅದರ ಮುಂದೇನೇ ಕೂತಿದ್ದೆ. ಇವಳಿಗೆ ಹೇಳೋಕೆ ಬಾಯಿ ಬರ್ಲಿಲ್ಲ.”

ತಕ್ಕಡಿ ಅಕ್ಕ ನೆಲಕ್ಕೆ ಬಗ್ಗಿ ಫೋನಿನ ಬೆಳಕು ಬಿಟ್ಟಳು. ಕಪಾಟಿನ ಅಡಿಪಟ್ಟಿಗೂ ನೆಲಕ್ಕೂ ನಡುವೆ ನಾಲ್ಕು ಬೆರಳಿನಷ್ಟು ಸಂದು. ಒಳಗೆ ದೂಳು, ಜೇಡರ ಬಲೆ, ಹಿಂದಿನ ಗೋಡೆಯಲ್ಲಿ ಪೈಪು ಇಳಿದುಹೋಗುವ ಒಂದು ತೂತು. ತೂತಿನ ಪಕ್ಕದಲ್ಲಿ ಎರಡು ಕಣ್ಣು ಮಿನುಗಿದವು. ಕಣ್ಣುಗಳಿಂದ ಗೇಣು ದೂರದಲ್ಲಿ ಹಸಿರು ಬಣ್ಣದ ಒಂದು ಬಿಲ್ಲೆ.

“ಅದೇನು ಹಸಿರಿಂದು?”

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. “ಇಲಿ ಪಾಷಾಣ. ಹೋದ ವಾರ ಬಿಲ್ಡಿಂಗಿನವನು ಬಂದು ಇಟ್ಟುಹೋದ. ಮರೆತೇಬಿಟ್ಟಿದ್ದೆ.”

ಬಿಲ್ಲೆಯ ಅಂಚು ಇನ್ನೂ ಚೌಕವಾಗಿತ್ತು, ಹಲ್ಲಿನ ಗುರುತಿರಲಿಲ್ಲ. ಇನ್ನೂ ತಿಂದಿಲ್ಲ. ಆದರೆ ಹಸಿವು ಎಷ್ಟು ಹೊತ್ತು ಸುಮ್ಮನಿರುತ್ತದೆ? ಕೋಲು ಹಾಕಿ ಎಳೆಯೋಣವೆಂದರೆ ಪ್ರಾಣಿ ಹೆದರಿ ತೂತಿಗೆ ಇಳಿಯುತ್ತದೆ, ಇಳಿದರೆ ಮೂರು ಮಹಡಿ ಕೆಳಗೆ. ಬಡಗಿಗೆ ಫೋನ್ ಮಾಡಿದರೆ ನಾಲ್ಕು ಗಂಟೆಗೆ ಬರುತ್ತೇನೆಂದ. ಅವನು ಬಂದರೂ ಸುತ್ತಿಗೆಯ ಪೆಟ್ಟಿಗೆ ಅದು ಇಳಿಯುವುದು ತೂತಿಗೇ.

ಸಂದಿನ ಬಾಯಲ್ಲಿ ಸೌತೆಕಾಯಿ ಇಟ್ಟರು. ಕಣ್ಣು ಕದಲಲಿಲ್ಲ. ಸೊಪ್ಪು ತರುವ ಪ್ಲಾಸ್ಟಿಕ್ ಕವರನ್ನು ಪರಪರ ಅನ್ನಿಸಿದರು. ಇಲ್ಲ. ನಡುಮನೆಯಿಂದ ಮಚ್ಚೆಯ ಪಂಜರವನ್ನು ತಂದು ಎದುರಿಗಿಟ್ಟರು. ಒಡನಾಡಿಯನ್ನು ಕಂಡರೆ ಬಂದೀತು ಎಂಬ ಆಸೆ. ಮಚ್ಚೆಯೋ, ಮೂವರು ಹೆಂಗಸರ ಗಾಬರಿ ನೋಡಿ ತಾನೇ ಕಲ್ಲಾಗಿ ಕೂತಿತು. ಅದನ್ನು ನಡುಮನೆಗೆ ವಾಪಸು ಒಯ್ದರು. ತಕ್ಕಡಿ ಅಕ್ಕ ಅಡುಗೆಮನೆಯಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಅಡುಗೆಮನೆಗೆ ತಿರುಗತೊಡಗಿದಳು.

“ಅಕ್ಕ, ಒಂದು ನಿಮಿಷ ಕೂತ್ಕೊಳ್ಳಿ, ನೀರು ಕುಡೀರಿ” ಎಂದಳು ನರ್ಸು.

“ಬೇಡಮ್ಮ. ಅದು ಅಲ್ಲಿಗೆ ಹೋಗಿದ್ದಾದ್ರೂ ಹೇಗೆ? ಇವು ಹೆದ್ರಿದ್ರೆ ಪಂಜರದೊಳಗೇ ಅಡಗ್ತವೆ, ಹೊರಗೆ ಓಡಲ್ಲ.”

ಅತ್ತೆ ಮೂಗು ಸೆಳೆದುಕೊಂಡಳು. “ಹುಲ್ಲು ಬದಲಾಯಿಸೋಣ ಅಂತ ಪಂಜರದ ಬಾಗಿಲು ತೆಗೆದಿದ್ದೆ. ಇಲ್ಲಿ ಒಲೆ ಮೇಲೆ ಹಾಲು ಉಕ್ಕೋ ಹಾಗಾಯ್ತು. ಓಡಿ ಬಂದೆ, ಸ್ಟೀಲ್ ಮುಚ್ಚಳ ಕೈಜಾರಿ ಬಿತ್ತು. ನೀನು ಬೇಡ ಅಂದಿದ್ಯಲ್ಲ, ಅದೇ ಸದ್ದು. ಎರಡು ವರ್ಷದಿಂದ ಚಮಚಾನೂ ಹೂವಿನ ಹಾಗೆ ಇಡ್ತಿದ್ದೆ ನಾನು! ಟಕ್ ಟಕ್ ಅಂತ ಕುಣೀತು ಮುಚ್ಚಳ. ತಿರುಗಿ ನೋಡಿದ್ರೆ ಈ ಇಲಿ ನಡುಮನೆಯಿಂದ ಬಿದ್ದೂ ಎದ್ದೂ ಓಡಿ ಬರ್ತಿದೆ.”

“ಎಲ್ಲಿಗೆ?”

“ನನ್ನ ಕಡೆಗೇ. ಸದ್ದಾದ ಕಡೆಗೇ. ಕಾಲಿಗೆ ಸಿಕ್ತಲ್ಲಾ ಅಂತ ಕಿರುಚಿಬಿಟ್ಟೆ. ಆಗ ಒಳಗೆ ನುಗ್ತು.”

ತಕ್ಕಡಿ ಅಕ್ಕ ಬಾಲ್ಕನಿಗೆ ಹೋದಳು. ಕಂಬಿ ಹಿಡಿದು ನಿಂತಳು, ನಿಲ್ಲಲಾಗದೆ ಆ ತುದಿಯಿಂದ ಈ ತುದಿಗೆ ನಡೆದಳು. ಸದ್ದಾದ ಕಡೆಗೇ ಓಡಿಬಂದಿದೆ. ಏನು ಮಾಡಬೇಕೆಂದು ಈಗ ಗೊತ್ತು. ಗೊತ್ತಾದ ಮೇಲೆ ಒಳಗೆ ಹೋಗಲಾಗಲಿಲ್ಲ. ಭಯ, ಬೇರೇನೂ ಅಲ್ಲ. ಮುಚ್ಚಳ ಬಿದ್ದದ್ದು ಯಾರದೋ ಕೈಯಿಂದ. ತನ್ನ ಕೈಯ ಮೂರು ಪೆಟ್ಟು ಬೇರೆ. ಅದಕ್ಕೆ ಕೆಂಚಿ ಬಾರದಿದ್ದರೆ? ಬಾರದಿದ್ದರೆ ಆ ಪ್ರಾಣಿಗೆ ಎಲ್ಲ ನೆನಪಿದೆ ಎಂದಾಯಿತು. ಮೂವತ್ತನ್ನು ಎತ್ತಿಕೊಂಡು ಹೋದ ಕೈ, ಖಾಲಿ ಮಗ್ಗು. ಅಷ್ಟೇ ಅಲ್ಲ, ಹೆದರಿ ಆ ತೂತಿಗೇ ಇಳಿದರೆ ಬದುಕಿ ಉಳಿದ ಅದನ್ನೂ ಕೊನೆಗೆ ತಾನೇ ಸಾವಿಗೆ ಕಳಿಸಿದಂತೆ. ಇನ್ನು ಬಂದರೆ? ಬಂದರೂ ನೆಮ್ಮದಿಯಿಲ್ಲ. ಅಷ್ಟು ಮೋಸ ಮಾಡಿದವಳನ್ನು ಮತ್ತೂ ನಂಬಿತಲ್ಲ ಎಂಬ ಸಂಕಟ. ಎರಡರಲ್ಲಿ ಯಾವುದನ್ನು ತಡೆದುಕೊಳ್ಳಬಲ್ಲೆ ಎಂದು ಅವಳಿಗೆ ತಿಳಿಯಲಿಲ್ಲ.

ಒಳಗಿನಿಂದ ನರ್ಸು ಕೂಗಿದಳು. “ಅಕ್ಕ! ಕೆಂಚಿ ಆ ಬಿಲ್ಲೆ ಮೂಸ್ತಿದೆ!”

ಯೋಚಿಸಲು ಇನ್ನು ಹೊತ್ತಿರಲಿಲ್ಲ. ಅವಳು ಅಡುಗೆಮನೆಗೆ ನುಗ್ಗಿ, “ಅಮ್ಮಾ, ಒಂದು ಸ್ಟೀಲ್ ಮಗ್ಗು ಕೊಡಿ” ಎಂದಳು.

“ಸ್ಟೀಲಾ? ನೀನೇ ಬೇಡ...”

“ಕೊಡಿ!”

ಅತ್ತೆ ಕೊಟ್ಟಳು. ತಕ್ಕಡಿ ಅಕ್ಕ ಅದನ್ನು ಕುಟ್ಟಲಿಲ್ಲ, ಮೊದಲು ತುಂಬಿಸಿದಳು. ಸೌತೆಕಾಯಿ, ದೊಣ್ಣೆಮೆಣಸಿನಕಾಯಿ, ಕೊತ್ತಂಬರಿ, ಪಂಜರದ ಪಕ್ಕದ ಡಬ್ಬಿಯಿಂದ ಒಂದು ಹಿಡಿ ಕಾಳಿನ ಉಂಡೆಗಳು. ಅಂಚಿನವರೆಗೂ ತುಂಬಿದ ಮೇಲೆ ನೆಲಕ್ಕೆ ಮೊಣಕಾಲೂರಿ, ಮಗ್ಗಿನಿಂದ ಗ್ಯಾಸ್ ಸಿಲಿಂಡರಿನ ಅಂಚಿಗೆ ಕುಟ್ಟಿದಳು.

ಟಕ್, ಟಕ್. ಮೂರನೆಯ ಪೆಟ್ಟು ಅಂಚಿನಿಂದ ಜಾರಿತು. ಒಳಗೆ ಏನೂ ಇಲ್ಲ. ಫೋನಿನ ಬೆಳಕಿನಲ್ಲಿ ಕಣ್ಣುಗಳು ಬಿಲ್ಲೆಯಿಂದ ತಿರುಗಿದ್ದವು, ಅಷ್ಟೇ.

“ಬರಲ್ಲ ಅನ್ಸುತ್ತೆ” ಎಂದು ಅತ್ತೆ ಪಿಸುಗುಟ್ಟಿದಳು.

ತಕ್ಕಡಿ ಅಕ್ಕ ಎಡಗೈಯಿಂದ ಬಲಗೈಯ ಮಣಿಕಟ್ಟನ್ನು ಹಿಡಿದುಕೊಂಡಳು. ಏಳು ಗಂಟೆ, ಬೀಗ, ಡ್ರಮ್ಮು, ಇನ್ನೂರು ಪ್ರಾಣಿಗಳು. ಟಕ್. ಟಕ್. ಟಕ್.

ಮೊದಲು ಕೂಗಿದ್ದು ನಡುಮನೆಯಲ್ಲಿದ್ದ ಮಚ್ಚೆ. ಅದೂ ಹದಿನಾಲ್ಕರಲ್ಲಿ ಒಂದು ಎಂಬುದನ್ನು ಎಲ್ಲರೂ ಮರೆತಿದ್ದರು. ಎರಡು ವರ್ಷ ಆ ಮನೆಯಲ್ಲಿ ಯಾರೂ ಕೇಳಿರದಷ್ಟು ಗಟ್ಟಿಯಾಗಿ ಕ್ವೀ ಕ್ವೀ ಕ್ವೀ ಎಂದು ಪಂಜರದ ಕಂಬಿ ಅಲುಗಿಸಿತು. ಅದರ ಹಿಂದೆಯೇ ಕಪಾಟಿನ ಅಡಿಯಿಂದ, ಗಂಟಲು ಒಣಗಿದ ಸಣ್ಣ ದನಿಯಲ್ಲಿ, ಕ್ವೀ. ಆಮೇಲೆ ಉಗುರು ನೆಲಕ್ಕೆ ತಾಗುವ ಸದ್ದು. ಸಂದಿನಿಂದ ಮೂಗು ಬಂತು, ಜೇಡರ ಬಲೆ ಅಂಟಿದ ಮೀಸೆ ಬಂತು, ಆಮೇಲೆ ಕೆಂಚಿ ಪೂರ್ತಿ ಬಂದು ಮಗ್ಗಿನ ಅಂಚಿಗೆ ಎರಡೂ ಮುಂಗಾಲು ಕೊಟ್ಟು ನಿಂತಿತು.

“ಹಿಡಿ! ಹಿಡಿಯಮ್ಮ, ಮತ್ತೆ ಹೋಗುತ್ತೆ!” ಎಂದಳು ಅತ್ತೆ.

ಅಂಗೈ ಆಗಲೇ ಮುಂದಕ್ಕೆ ಹೋಗಿತ್ತು. ಇಪ್ಪತ್ತಾರು ವರ್ಷದ ರೂಢಿ, ಅದು ಯಾರನ್ನೂ ಕೇಳುವುದಿಲ್ಲ. ಕೆಂಚಿ ಆ ಕೈಯನ್ನು ಕಂಡಿತು, ಕಂಡು ಕಲ್ಲಾಯಿತು. ಬಾಯಲ್ಲಿ ಕೊತ್ತಂಬರಿಯ ಎಸಳು ಹಾಗೇ ನಿಂತಿತು.

ತಕ್ಕಡಿ ಅಕ್ಕ ಕೈ ಹಿಂದೆಗೆದಳು. ಮಗ್ಗನ್ನು ನೆಲದ ಮೇಲೆ ಓರೆಯಾಗಿ ಮಲಗಿಸಿ, ತಾನು ನೆಲಕ್ಕೆ ಕೂತುಬಿಟ್ಟಳು. ಕೂತು, ಎರಡೂ ಅಂಗೈಗಳನ್ನು ತನ್ನ ತೊಡೆಗಳ ಅಡಿಗೆ ಸೇರಿಸಿ ಅವುಗಳ ಮೇಲೆ ಭಾರ ಹಾಕಿದಳು.

“ಅದು ಊಟ ಮಾಡ್ಲಿ” ಎಂದಳು. “ಯಾರೂ ಮುಟ್ಬೇಡಿ.”

ನರ್ಸು ಸದ್ದಾಗದಂತೆ ತರಕಾರಿ ಹೆಚ್ಚುವ ಮಣೆಯನ್ನು ಸಂದಿಗೆ ಅಡ್ಡ ಇಟ್ಟಳು. ಇನ್ನು ಹೋಗಲು ದಾರಿಯಿರಲಿಲ್ಲ, ಆದರೂ ತಕ್ಕಡಿ ಅಕ್ಕ ಕೈ ತೆಗೆಯಲಿಲ್ಲ. ಕೆಂಚಿ ಮೊದಲು ಎಸಳನ್ನು ನುಂಗಿತು. ಒಂದು ಹೆಜ್ಜೆ ಮುಂದೆ ಬಂತು. ಮತ್ತೆ ಒಂದು ಎಸಳು, ಒಂದು ಉಂಡೆ, ಆಮೇಲೆ ಸೌತೆಕಾಯಿಯ ಹೋಳನ್ನು ಮಗ್ಗಿನೊಳಗಿಂದ ಎಳೆದು ಅವಳ ಮೊಣಕಾಲಿನ ಪಕ್ಕದಲ್ಲಿ ಕೂತು ಕರಕರ ಜಗಿಯತೊಡಗಿತು. ಅವಳ ಕಣ್ಣಿನಿಂದ ನೀರು ಇಳಿದು ಗಲ್ಲದವರೆಗೆ ಬಂತು. ಕೈ ಖಾಲಿಯಿಲ್ಲದ್ದರಿಂದ ಒರೆಸಿಕೊಳ್ಳಲಿಲ್ಲ.

“ಇದಕ್ಕೇನಾ ನಮ್ಮನ್ನ ಎರಡು ವರ್ಷ ಚಮಚ ಮುಟ್ಟಿಸದೆ ಇಟ್ಟಿದ್ದು?” ಎಂದು ಅತ್ತೆ ಕೇಳಿದಳು. ದನಿಯಲ್ಲಿ ಕೋಪವಿರಲಿಲ್ಲ.

“ಹೇಳ್ತೀನಮ್ಮ. ಎಲ್ಲಾ ಹೇಳ್ತೀನಿ.”

ಹತ್ತು ನಿಮಿಷವಾಯಿತು. ಕಾಲು ಜೋಮು ಹಿಡಿಯಿತು, ಬೆರಳುಗಳಲ್ಲಿ ಇರುವೆ ಹರಿದಂತಾಯಿತು. ಕೆಂಚಿ ಮಗ್ಗಿನೊಳಗೆ ತಲೆ ಪೂರ್ತಿ ತೂರಿಸಿತು. ಒಳಗಿನಿಂದ ನಾಲಿಗೆಯ ಸದ್ದು ಬಂತು. ತಕ್ಕಡಿ ಅಕ್ಕನಿಗೆ ಆ ಸದ್ದಿನ ಗುರುತು ಹತ್ತಿತು, ಅದು ತಳ ನೆಕ್ಕುವ ಸದ್ದು.

“ಅಮ್ಮಾ, ಮಗ್ಗು ಖಾಲಿಯಾಯ್ತು” ಎಂದಳು, ಕೂತಲ್ಲಿಂದಲೇ. “ಬೇಗ ಇನ್ನಷ್ಟು ಹಾಕಿ.”